ರಾತ್ರಿ ಪಾಳಿಯಲ್ಲಿ ವಾರ್ಡಿನ ಹೊಣೆ ಯಾರದು?

ಆಪರೇಷನ್ ಆದ ತಾಯಿಯನ್ನು ವಾರ್ಡಿಗೆ ತಂದು ಮಲಗಿಸಿದ್ದಾರೆ. ಡಾಕ್ಟರು ರೌಂಡ್ಸ್ ಮುಗಿಸಿ ಮನೆಗೆ ಹೋಗಿದ್ದಾರೆ. ನಡುರಾತ್ರಿ ತಾಯಿಯ ಉಸಿರಾಟ ಜೋರಾದರೆ, ಕೈಕಾಲು ತಣ್ಣಗಾದರೆ ನೀವು ಓಡುವುದು ಸಿಸ್ಟರ್ ಬಳಿಗೆ. ಆ ಹೊತ್ತಿನಲ್ಲಿ ಇಡೀ ವಾರ್ಡಿನ ಹೊಣೆ ಹೊತ್ತವರು ಏನು ಕಲಿತಿದ್ದಾರೆಂದು ಎಂದಾದರೂ ವಿಚಾರಿಸಿದ್ದೀರಾ?

ಎಲ್ಲರನ್ನೂ ನಾವು ಸಿಸ್ಟರ್ ಎಂದೇ ಕರೆಯುತ್ತೇವೆ, ಆದರೆ ಓದು ಬೇರೆ ಬೇರೆ. ಎಎನ್‌ಎಂ 2 ವರ್ಷದ ತರಬೇತಿ, ಜಿಎನ್‌ಎಂ 3 ವರ್ಷ, ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ಎಎನ್‌ಎಂ ಕೋರ್ಸ್ ಮುಖ್ಯವಾಗಿ ಹಳ್ಳಿಯ ತಾಯಿ-ಮಗುವಿನ ಆರೈಕೆಗಾಗಿ ಇರುವಂಥದ್ದು. ಗರ್ಭಿಣಿಯರ ತಪಾಸಣೆ, ಹೆರಿಗೆ, ಲಸಿಕೆಯಲ್ಲಿ ಅವರದು ಪಳಗಿದ ಕೈ. ಆದರೆ ಕೆಲವು ಸಣ್ಣ ಆಸ್ಪತ್ರೆಗಳು ಸಂಬಳ ಉಳಿಸಲು ಅವರನ್ನೇ ರಾತ್ರಿ ಪಾಳಿಯ ಇನ್‌ಚಾರ್ಜ್ ಮಾಡುವುದುಂಟು.

ಇನ್‌ಚಾರ್ಜ್ ಎಂದರೆ ಇಂಜೆಕ್ಷನ್ ಕೊಟ್ಟು ಚಾರ್ಟ್ ತುಂಬಿಸಿದರೆ ಮುಗಿಯುವ ಕೆಲಸವಲ್ಲ. ಒಳಗೊಳಗೇ ರಕ್ತಸ್ರಾವವಾಗುತ್ತಿದ್ದರೆ ಬಿಪಿ ಇಳಿಯುವ ಮುಂಚೆಯೇ ನಾಡಿಬಡಿತ, ಉಸಿರಾಟ ಏರಬಹುದು, ಮೂತ್ರ ಕಡಿಮೆಯಾಗಬಹುದು. ಇವನ್ನೆಲ್ಲ ಕೂಡಿಸಿ ನೋಡಿ, ಮಲಗಿರುವ ಡಾಕ್ಟರನ್ನು ಎಬ್ಬಿಸುವ ಧೈರ್ಯ ಬೇಕು. ಇನ್ಸುಲಿನ್, ಪೊಟ್ಯಾಸಿಯಂ ಪ್ರಮಾಣ ತಪ್ಪಿದರೆ ಜೀವಕ್ಕೇ ಅಪಾಯ.

ಅಮೆರಿಕದಲ್ಲೂ ಈ ಚರ್ಚೆಯಿದೆ. ಅಲ್ಲಿ ಸುಮಾರು 1 ವರ್ಷ ಕಲಿತ ಪ್ರಾಕ್ಟಿಕಲ್ ನರ್ಸ್ ವೃದ್ಧರ ಆರೈಕೆ ಕೇಂದ್ರದಲ್ಲಿ ಪಾಳಿಯ ಇನ್‌ಚಾರ್ಜ್ ಆಗಬಹುದು. ಆಸ್ಪತ್ರೆಯಲ್ಲಾದರೆ ರೋಗಿಯ ಶುಶ್ರೂಷೆಯ ಮೇಲ್ವಿಚಾರಣೆ ಹೆಚ್ಚು ಓದಿದ ರಿಜಿಸ್ಟರ್ಡ್ ನರ್ಸ್‌ಗೆ ಸೇರಿದ್ದು. ಆ ವಿಂಗಡಣೆ ನನಗೆ ಸರಿ ಕಾಣುತ್ತದೆ.

ಇಪ್ಪತ್ತು ವರ್ಷ ವಾರ್ಡಿನಲ್ಲೇ ದುಡಿದ ಎಎನ್‌ಎಂಗೆ ನಿನ್ನೆ ಮೊನ್ನೆ ಪಾಸಾಗಿ ಬಂದವರಿಗಿಂತ ಚೆನ್ನಾಗಿ ಗೊತ್ತಿರುತ್ತದಲ್ಲ ಎನ್ನುವಿರಿ. ನಿಜ. ಹಾಗಿದ್ದರೆ ಆಸ್ಪತ್ರೆಯವರು ಅವರನ್ನು ಓದಿಸಲಿ. ನೋಂದಾಯಿತ ಎಎನ್‌ಎಂಗೆ ಜಿಎನ್‌ಎಂ ಸೇರಲು ಅವಕಾಶವಿದೆ. ಓದಿಸದೆ, ಸಂಬಳವನ್ನೂ ಹೆಚ್ಚಿಸದೆ ಹೊಣೆಯನ್ನು ಮಾತ್ರ ಹೊರಿಸಿ, ಏನಾದರೂ ಆದಾಗ ಆ ಹೆಣ್ಣುಮಗಳನ್ನೇ ತಪ್ಪಿತಸ್ಥೆ ಮಾಡುವುದು ಅನ್ಯಾಯ.

ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಪ್ರವಾದಿ(ಸ)ರು ರುಫೈದಾ(ರ)ರ ಡೇರೆಗೆ ಕಳುಹಿಸಿದ್ದರು. ಅವರು ಗಾಯಾಳುಗಳ ಆರೈಕೆ ಬಲ್ಲವರಾಗಿದ್ದರು. ರೋಗಿಯ ಜೀವವೂ ಒಂದು ಅಮಾನತ್ ತಾನೇ?

ದಾಖಲು ಮಾಡುವಾಗ ರೂಮಿನ ಬಾಡಿಗೆ ಎಷ್ಟೆಂದು ತಪ್ಪದೆ ಕೇಳುತ್ತೀರಿ. ಜೊತೆಗೆ ಇದನ್ನೂ ಕೇಳಿ: ರಾತ್ರಿ ಇನ್‌ಚಾರ್ಜ್ ಯಾರು, ಜಿಎನ್‌ಎಂ ಅಥವಾ ಬಿ.ಎಸ್ಸಿ. ಓದಿದವರೇ? ಡ್ಯೂಟಿ ಡಾಕ್ಟರ್ ಆಸ್ಪತ್ರೆಯಲ್ಲೇ ಇರುತ್ತಾರೆಯೇ? ಕೇಳಬೇಕಾದದ್ದು ಆಡಳಿತದವರನ್ನು. ದಣಿದು ನಿಂತ ಸಿಸ್ಟರನ್ನು ತಡೆದು ಸರ್ಟಿಫಿಕೇಟ್ ಕೇಳಬೇಡಿ.