ಗಾಳಕ್ಕೆ ಸಿಕ್ಕಿಸಿದ ಎರೆ

ಕೆರೆಯಂಚಿನಲ್ಲಿ ಗಾಳ ಹಾಕಿ ಕುಳಿತವನು ಮೀನನ್ನು ಬೆನ್ನಟ್ಟಿ ಹೋಗುವುದಿಲ್ಲ. ಎರೆಹುಳುವನ್ನು ನೀರಿಗಿಳಿಸಿ ಕಾಯುತ್ತಾನೆ. ಮೀನು ತಾನಾಗಿಯೇ ಬರುತ್ತದೆ. ಜನರ ಹಣವನ್ನು ಲಪಟಾಯಿಸುವ ಒಂದು ನವೀನ ವಿದ್ಯೆಗೆ ‘ಫಿಶಿಂಗ್’ ಎಂಬ ಹೆಸರು ಬಂದಿರುವುದು ಈ ಸಾದೃಶ್ಯದಿಂದಲೇ. 1990ರ ದಶಕದ ನಡುವಿನಲ್ಲಿ, ಅಮೆರಿಕದಲ್ಲಿ ಅಂತರಜಾಲದ ಖಾತೆಗಳ ಗುಪ್ತಪದಗಳನ್ನು ಕದಿಯುತ್ತಿದ್ದವರ ನಡುವೆ ಹುಟ್ಟಿದ ಮಾತಿದು.

ಆ ಗಾಳವು ಇಂದು ತುಮಕೂರಿನ ಸದಾಶಿವನಗರದಂತಹ ಬಡಾವಣೆಗಳ ನಡುಮನೆಯನ್ನೂ ತಲುಪಬಲ್ಲುದು. ನಿವೃತ್ತ ಉಪಾಧ್ಯಾಯರ ಉಳಿತಾಯವಿರಲಿ, ಮಗಳ ಮದುವೆಗೆಂದು ಕೂಡಿಟ್ಟ ಹಣವಿರಲಿ, ಅಂಗೈಯಗಲದ ಮೊಬೈಲೇ ಅದರ ತಿಜೋರಿಯಾಗಿದೆ. ಕಳ್ಳನು ಬೀಗ ಮುರಿಯಬೇಕಾಗಿಲ್ಲ. ಮನೆಯವರಿಂದಲೇ ಬೀಗದ ಕೈಯನ್ನು ಕೇಳಿ ಪಡೆಯುತ್ತಾನೆ.

ಬಲೆ ಮತ್ತು ಈಟಿ

ಮೊದಲನೆಯದು ಬೀಸುಬಲೆ. ಒಂದೇ ಸಂದೇಶ ಸಾವಿರಾರು ಮಂದಿಗೆ ಹೋಗುತ್ತದೆ. ‘ನಿಮ್ಮ ಖಾತೆ ಸ್ಥಗಿತಗೊಂಡಿದೆ, ಈ ಕೊಂಡಿಯನ್ನು ಒತ್ತಿರಿ’ ಎಂಬುದು ಇದರ ಹಳೆಯ ಪಲ್ಲವಿ. 2022ರಲ್ಲಿ ಬೆಸ್ಕಾಂ ಹೆಸರಿನಲ್ಲಿಯೂ ಇಂಥ ಸಂದೇಶಗಳು ಹರಿದಾಡಿದವು: ಬಿಲ್ಲು ಬಾಕಿಯಿದೆ, ಇಂದು ರಾತ್ರಿಯೇ ವಿದ್ಯುತ್ತು ಕಡಿತವಾಗುವುದು, ಈ ಸಂಖ್ಯೆಗೆ ಕರೆಮಾಡಿ! ಕತ್ತಲೆಯ ಭಯಕ್ಕೆ ಕರೆಮಾಡಿದವರಿಗೆ ಆ ಕಡೆಯ ವಿನಯಶೀಲನು ಒಂದು ಆ್ಯಪನ್ನು ಇಳಿಸಿಕೊಳ್ಳುವಂತೆ ಹೇಳುತ್ತಾನೆ. ಇಳಿಸಿಕೊಂಡರೆ ಇವರ ಮೊಬೈಲಿನ ಪರದೆ ಅವನ ಕಣ್ಣಿಗೆ ತೆರೆದ ಪುಸ್ತಕ. ಮದುವೆಯ ಕರೆಯೋಲೆಯ ವೇಷದಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ‘ಎಪಿಕೆ’ ಕಡತವೂ ಇದರ ಸೋದರನೇ.

ಎರಡನೆಯದು ಗುರಿಯಿಟ್ಟ ಈಟಿ. ಇಲ್ಲಿ ವಂಚಕನು ಹೆಸರು, ಕಚೇರಿ, ಮೇಲಧಿಕಾರಿ ಎಲ್ಲವನ್ನೂ ಮೊದಲೇ ತಿಳಿದು, ಆ ಒಬ್ಬನಿಗಾಗಿಯೇ ಪತ್ರ ಬರೆಯುತ್ತಾನೆ. ಹೆಸರು ಹಿಡಿದು ಕರೆದವರೆಲ್ಲ ಪರಿಚಿತರೆಂಬ ನಂಬಿಕೆಯೇ ಇಲ್ಲಿ ಎರೆ.

ದನಿಯ ಗಾಳ

ಮೂರನೆಯದು ಎಲ್ಲಕ್ಕಿಂತ ಕ್ರೂರವಾದುದು. ಪೊಲೀಸರ ಸೋಗಿನವನು ವೀಡಿಯೊ ಕರೆಯಲ್ಲಿ ಪ್ರತ್ಯಕ್ಷನಾಗಿ, ‘ನಿಮ್ಮನ್ನು ಡಿಜಿಟಲ್ ಬಂಧನಕ್ಕೆ ಒಳಪಡಿಸಲಾಗಿದೆ, ಮನೆಯವರಿಗೂ ಹೇಳಕೂಡದು’ ಎನ್ನುತ್ತಾನೆ. 2024ರ ಅಕ್ಟೋಬರ್ 27ರಂದು ಪ್ರಧಾನಮಂತ್ರಿಗಳು ತಮ್ಮ ‘ಮನ್ ಕೀ ಬಾತ್’ ಬಾನುಲಿ ಭಾಷಣದಲ್ಲಿ ಇಂಥದೊಂದು ಸಂಭಾಷಣೆಯನ್ನೇ ನಾಡಿಗೆ ಕೇಳಿಸಿದರು. ಅದನ್ನು ಮುದ್ರಿಸಿಕೊಂಡಿದ್ದವರು ನಮ್ಮ ವಿಜಯಪುರದವರು. ಡಿಜಿಟಲ್ ಬಂಧನವೆಂಬುದು ಭಾರತದ ಯಾವ ಕಾನೂನಿನಲ್ಲಿಯೂ ಇಲ್ಲ. ‘ಯಾರಿಗೂ ಹೇಳಬೇಡಿ’ ಎಂದೊಡನೆ ಮನೆಯವರನ್ನು ಕೂಗಿ ಕರೆಯುವುದೇ ಇದಕ್ಕೆ ಮದ್ದು.

ಗುರುತು ಹಿಡಿಯುವ ಬಗೆ

ವೇಷಗಳು ಹಲವಾದರೂ ಎರೆಗಳು ಮೂರೇ: ಭಯ, ಆಸೆ, ಅವಸರ. ಇವುಗಳಲ್ಲೊಂದು ಕಂಡರೆ ಕೈ ತಡೆಯಬೇಕು.

ಜಾಲತಾಣದ ವಿಳಾಸವನ್ನು ಓದಲು ಕಲಿಯುವುದೂ ಅಗತ್ಯ. ಭಾರತೀಯ ರಿಸರ್ವ್ ಬ್ಯಾಂಕಿನ ಆದೇಶದಂತೆ, ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕಾಗಿತ್ತು. ‘ಇನ್’ ಆದ ಮೇಲೆ ಮತ್ತೊಂದು ಚುಕ್ಕಿಯೂ ಪದವೂ ಅಂಟಿಕೊಂಡಿದ್ದರೆ ಅದು ಬ್ಯಾಂಕಿನ ಬಾಗಿಲಲ್ಲ. ‘ಹಣ ಕಳಿಸುತ್ತೇನೆ, ಈ ಕ್ಯೂಆರ್ ಚೌಕಕ್ಕೆ ಮೊಬೈಲು ಹಿಡಿದು ಪಿನ್ ಒತ್ತಿ’ ಎನ್ನುವವರೂ ಉಂಟು. ಯುಪಿಐಯಲ್ಲಿ ಪಿನ್ ಬೇಕಾಗುವುದು ಹಣ ಕೊಡುವವರಿಗೆ. ಪಡೆಯುವವರಿಗೆ ಎಂದಿಗೂ ಬೇಡ.

ಸಿಕ್ಕಿಬಿದ್ದ ಮೇಲೆ

ಹಣ ಹೋದ ಬಳಿಕ ವಂಚಕನಿಗೆ ನೆರವಾಗುವ ಕೊನೆಯ ಮಿತ್ರನೆಂದರೆ ನಾಚಿಕೆ. ‘ಓದಿದವರಾಗಿ ಮೋಸಹೋದಿರಲ್ಲ’ ಎಂಬ ಮಾತಿಗೆ ಅಂಜಿ ತಂದೆಯು ಎರಡು ದಿನ ಬಾಯಿ ಬಿಡದಿದ್ದರೆ, ಅಷ್ಟರಲ್ಲಿ ಆ ಹಣ ಹತ್ತು ಖಾತೆಗಳನ್ನು ದಾಟಿರುತ್ತದೆ. ಒಡನೆಯೇ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿದರೆ, ಹಣವನ್ನು ದಾರಿಯಲ್ಲಿಯೇ ತಡೆಹಿಡಿಯುವ ಅವಕಾಶವುಂಟು. ಆದುದರಿಂದ ಮೋಸಹೋದ ಹಿರಿಯರನ್ನು ಮನೆಯವರು ಹಂಗಿಸಬಾರದು. ಬೈಗುಳವು ಸಂಜೆಗೂ ಕಾದೀತು, ದೂರು ಕಾಯದು.