ವೇಗಕ್ಕೊಂದು ಕಟ್ಟಳೆ

ಮೋಟಾರ್ ಸೈಕಲ್ ಪಂದ್ಯಗಳ ವಿಷಯವಾಗಿ ಸಾಹಿತ್ಯದ ಅಧ್ಯಾಪಕನಾಗಿದ್ದವನೊಬ್ಬ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ನಿಯಮಕ್ಕೂ ಪ್ರತಿಭೆಗೂ ಇರುವ ನಂಟು ಛಂದಸ್ಸನ್ನು ಪಾಠ ಹೇಳಿದವನಿಗೆ ಅಪರಿಚಿತವಾದುದಲ್ಲ. ಕಂದಪದ್ಯದ ಗಣಕ್ಕೆ ನಾಲ್ಕೇ ಮಾತ್ರೆಯೆಂದು ವಿಧಿಸಿದರೆ ಕವಿ ಆ ನಾಲ್ಕರೊಳಗೇ ದಾರಿ ಹುಡುಕುತ್ತಾನೆ. ಯಂತ್ರಶಿಲ್ಪಿಯೂ ಹಾಗೆಯೇ. ಭೇದವಿಷ್ಟೆ: ಪದ್ಯದಲ್ಲಿ ಮಾತ್ರೆ ತಪ್ಪಿದರೆ ಕಿವಿಗೆ ನೋವು, ಇಲ್ಲಿ ಲೆಕ್ಕ ತಪ್ಪಿದರೆ ಪ್ರಾಣಕ್ಕೇ ಸಂಚಕಾರ.

ಎಂಜಿನ್ನಿನ ಗಾತ್ರವೆಂದರೆ ಅದರ ಹೊರಗಣ ಆಕಾರವಲ್ಲ. ಸಿಲಿಂಡರಿನೊಳಗೆ ಪಿಸ್ಟನ್ ತುದಿಯಿಂದ ತುದಿಗೆ ಸರಿದಾಗ ಎಷ್ಟು ಜಾಗವನ್ನು ಕ್ರಮಿಸುತ್ತದೆಯೋ ಅದರ ಘನ ಅಳತೆ. ಸಿಲಿಂಡರುಗಳು ಹಲವಿದ್ದರೆ ಅವೆಲ್ಲದರ ಮೊತ್ತ. ಇದನ್ನೇ ಸಿ.ಸಿ. ಎನ್ನುತ್ತೇವೆ. ಜಾಗ ಹೆಚ್ಚಿದಷ್ಟೂ ಒಳಹೋಗುವ ಗಾಳಿ, ಇಂಧನಗಳು ಹೆಚ್ಚು. ಹುಟ್ಟುವ ಶಕ್ತಿಯೂ ಹೆಚ್ಚು. ಆದ್ದರಿಂದಲೇ 1949ರಲ್ಲಿ ವಿಶ್ವ ಚಾಂಪಿಯನ್ ಪಂದ್ಯಗಳು ಆರಂಭವಾದಾಗ, ಕುಸ್ತಿಯಲ್ಲಿ ತೂಕ ನೋಡಿ ಜೋಡಿ ಬಿಡುವಂತೆ, 125, 250, 350, 500 ಸಿ.ಸಿ. ಎಂದು ವರ್ಗಗಳನ್ನು ಮಾಡಿದರು. 1962ರಲ್ಲಿ 50 ಸಿ.ಸಿ.ಯ ವರ್ಗವೂ ಸೇರಿತು.

ಗಾತ್ರವನ್ನು ಕಟ್ಟಿದ ಮಾತ್ರಕ್ಕೆ ಶಕ್ತಿಯನ್ನು ಕಟ್ಟಿದಂತಾಗಲಿಲ್ಲ. ಅದೇ ಗಾತ್ರವನ್ನು ಹೆಚ್ಚು ಸಿಲಿಂಡರುಗಳಿಗೆ ಹಂಚಿದರೆ ಪಿಸ್ಟನ್ನುಗಳು ಹಗುರವಾಗುತ್ತವೆ, ಅವುಗಳ ಓಟ ಮೊಟಕಾಗುತ್ತದೆ. ಎಂಜಿನ್ ನಿಮಿಷಕ್ಕೆ ಹೆಚ್ಚು ಸುತ್ತು ತಿರುಗಬಲ್ಲದು. 1960ರ ದಶಕದಲ್ಲಿ ಜಪಾನಿನ ಹೋಂಡಾ ಸಂಸ್ಥೆ ಈ ದಾರಿಯಲ್ಲಿ ಬಹುದೂರ ನಡೆಯಿತು. 250 ಸಿ.ಸಿ.ಗೆ ಆರು ಸಿಲಿಂಡರು, 125ಕ್ಕೆ ಐದು! ಆರು ಸಿಲಿಂಡರಿನ ಬೈಕನ್ನೇರಿ ಮೈಕ್ ಹೈಲ್‌ವುಡ್ 1966 ಮತ್ತು 1967ರಲ್ಲಿ ವಿಶ್ವವಿಜೇತರಾದರು. ಗಡಿಯಾರದಷ್ಟು ಸೂಕ್ಷ್ಮವಾದ ಇಂಥ ಯಂತ್ರಗಳನ್ನು ಕಟ್ಟಲು ಸಣ್ಣ ತಯಾರಕರಿಗೆ ಹಣವೆಲ್ಲಿಯದು? ಅಂತರರಾಷ್ಟ್ರೀಯ ಒಕ್ಕೂಟವು ಮುಂದೆ ಹಂತಹಂತವಾಗಿ ಸಿಲಿಂಡರುಗಳ ಸಂಖ್ಯೆಗೂ ಮಿತಿ ಹಾಕಿತು: 50ಕ್ಕೆ ಒಂದು, 125 ಮತ್ತು 250ಕ್ಕೆ ಎರಡು, ದೊಡ್ಡ ವರ್ಗಗಳಿಗೆ ನಾಲ್ಕು. ಹೋಂಡಾ 1967ರ ಋತುವಿನ ನಂತರವೇ ಕಣದಿಂದ ಹಿಂದೆ ಸರಿದಿತ್ತು.

ಇನ್ನೊಂದು ತೊಡಕು ಬೇರೆಯಿತ್ತು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳ ಸದ್ದು ನಮ್ಮಲ್ಲಿ ಅನೇಕರಿಗೆ ನೆನಪಿದ್ದೀತು. ಅವು ಟೂ ಸ್ಟ್ರೋಕ್ ಜಾತಿಯವು. ಅವುಗಳ ಎಂಜಿನ್ನಿನಲ್ಲಿ ಪ್ರತಿಯೊಂದು ಸುತ್ತಿಗೂ ಒಮ್ಮೆ ಇಂಧನ ಉರಿಯುತ್ತದೆ; ಫೋರ್ ಸ್ಟ್ರೋಕಿನಲ್ಲಿ ಎರಡು ಸುತ್ತಿಗೆ ಒಮ್ಮೆ. ಹೀಗಿರುವಾಗ ಇಬ್ಬರಿಗೂ 500 ಸಿ.ಸಿ. ಎಂಬ ಒಂದೇ ಅಳತೆ ಹೆಸರಿಗೆ ಮಾತ್ರ ಸಮಾನವಾಗಿತ್ತು. 1974ರಲ್ಲಿ ಇಟಲಿಯ ಎಂ.ವಿ. ಅಗುಸ್ಟಾದ ಮೇಲೆ ಫಿಲ್ ರೀಡ್ ಗೆದ್ದುದೇ ಆ ವರ್ಗದಲ್ಲಿ ಫೋರ್ ಸ್ಟ್ರೋಕಿನ ಕೊನೆಯ ಕಿರೀಟ. 1975ರಿಂದ 2001ರವರೆಗೆ ಟೂ ಸ್ಟ್ರೋಕಿನದೇ ರಾಜ್ಯಭಾರ. 1979ರಲ್ಲಿ ಹೋಂಡಾ ಅಂಡಾಕಾರದ ಪಿಸ್ಟನ್ನುಗಳನ್ನೂ ಸಿಲಿಂಡರಿಗೆ ಎಂಟೆಂಟು ಕವಾಟಗಳನ್ನೂ ಇಟ್ಟು ಫೋರ್ ಸ್ಟ್ರೋಕಿನ ಮಾನ ಉಳಿಸಲು ಹೊರಟು ಸೋತಿತು. ಕಡೆಗೆ ತಾನೂ ಟೂ ಸ್ಟ್ರೋಕ್ ಕಟ್ಟಿ, 1983ರಲ್ಲಿ ಫ್ರೆಡ್ಡಿ ಸ್ಪೆನ್ಸರ್ ಮೂಲಕ ಗೆದ್ದಿತು.

2002ರಲ್ಲಿ ಈ ಅಸಮತೆಯನ್ನು ತಿರುಗುಮುರುಗು ಮಾಡಿದರು. ಫೋರ್ ಸ್ಟ್ರೋಕಿಗೆ 990 ಸಿ.ಸಿ.ಯವರೆಗೆ ಅವಕಾಶ ದೊರೆಯಿತು, 500 ಸಿ.ಸಿ.ಯ ಟೂ ಸ್ಟ್ರೋಕ್ ಬೇಗನೆ ಮರೆಯಾಯಿತು. ವೇಗವೂ ಏರಿತು. 2003ರಲ್ಲಿ ಸುಜುಕಾದ ಪಂದ್ಯದಲ್ಲಿ ಬಿದ್ದು ಗಾಯಗೊಂಡ ದೈಜಿರೊ ಕಾಟೊ ಕೆಲ ದಿನಗಳಲ್ಲಿ ತೀರಿಕೊಂಡಾಗ ಸುರಕ್ಷತೆಯ ಪ್ರಶ್ನೆ ಎಲ್ಲರ ಮುಂದೆ ನಿಂತಿತು.

2007ರಲ್ಲಿ ವೇಗ ತಗ್ಗಿಸುವ ಉದ್ದೇಶದಿಂದ ಗಾತ್ರವನ್ನು 800ಕ್ಕೆ ಇಳಿಸಿದರು. ಫಲಿತಾಂಶ ಬೋಧಪ್ರದವಾದುದು. ಸಣ್ಣ ಎಂಜಿನ್ನಿನ ಬೈಕು ಚುರುಕಾಗಿ ಬಾಗುತ್ತದೆ. ಸವಾರ ತಡವಾಗಿ ಬ್ರೇಕು ಹಿಡಿದು, ತಿರುವಿನೊಳಗೆ ಹೆಚ್ಚು ವೇಗವನ್ನು ಉಳಿಸಿಕೊಳ್ಳುತ್ತಾನೆ. ನೇರದಾರಿಯಲ್ಲಿ ಕಳೆದುಕೊಂಡದ್ದನ್ನು ತಿರುವಿನಲ್ಲಿ ಗಳಿಸಿ, ಹಲವು ಕಣಗಳಲ್ಲಿ ಸುತ್ತಿನ ಕಾಲ ಕಡಿಮೆಯೇ ಆಯಿತು. ಆದರೆ ಸವಾರರು ಹೆಚ್ಚಾಗಿ ಬೀಳುವುದು ತಿರುವಿನಲ್ಲಿಯೇ ಅಲ್ಲವೆ? ಒಂದು ಬಾಗಿಲನ್ನು ಮುಚ್ಚಿದರೆ ಅಪಾಯ ಇನ್ನೊಂದು ಬಾಗಿಲಿಂದ ಒಳಬಂದಿತು.

2012ರಲ್ಲಿ ಗಾತ್ರವನ್ನು 1000ಕ್ಕೆ ಏರಿಸಿದಾಗ ನಿಯಮ ಮಾಡುವವರು ಹೆಚ್ಚು ಎಚ್ಚರದಿಂದಿದ್ದರು. ಸಿಲಿಂಡರುಗಳು ನಾಲ್ಕನ್ನು ಮೀರಬಾರದು, ಒಂದೊಂದರ ವ್ಯಾಸ 81 ಮಿಲಿಮೀಟರನ್ನು ಮೀರಬಾರದು ಎಂದರು. ಈ ಎರಡನೆಯ ಮಾತಿನಲ್ಲಿಯೇ ಮರ್ಮವಿದೆ. ವ್ಯಾಸ ಹಿಗ್ಗಿದರೆ ಪಿಸ್ಟನ್ನಿನ ಓಟ ಕುಗ್ಗಿ ಎಂಜಿನ್ ಹೆಚ್ಚು ಸುತ್ತು ತಿರುಗಬಲ್ಲದು. ವ್ಯಾಸಕ್ಕೆ ಗೆರೆ ಎಳೆದರೆ ಆ ಸುತ್ತಿಗೂ ಗೆರೆ ಎಳೆದಂತೆ. ಆದರೂ 2023ರಲ್ಲಿ ಇಟಲಿಯ ಮುಜೆಲ್ಲೊದಲ್ಲಿ ಬ್ರಾಡ್ ಬಿಂಡರ್ ಗಂಟೆಗೆ 366.1 ಕಿಲೊಮೀಟರ್ ವೇಗವನ್ನು ಮುಟ್ಟಿದರು.

2027ರಿಂದ ಗಾತ್ರ 850 ಸಿ.ಸಿ., ವ್ಯಾಸ 75 ಮಿಲಿಮೀಟರ್ ಎಂದು 2024ರಲ್ಲಿ ಪ್ರಕಟಿಸಿದರು. ಲೆಕ್ಕ ಹಾಕಿ ನೋಡಿದರೆ, ಗರಿಷ್ಠ ವ್ಯಾಸದಲ್ಲಿ ಪಿಸ್ಟನ್ನಿನ ಓಟ ಮೊದಲು ಸುಮಾರು 48.5 ಮಿಲಿಮೀಟರ್ ಇದ್ದದ್ದು ಈಗ ಸುಮಾರು 48.1. ಅಂದರೆ, ಗಾತ್ರ ಕಡಿಮೆಯಾಯಿತೆಂದು ಸುತ್ತನ್ನು ಏರಿಸಿ ನಷ್ಟ ತುಂಬಿಕೊಳ್ಳುವ ಹಳೆಯ ಉಪಾಯಕ್ಕೆ ಎಡೆಯೇ ಇಲ್ಲ. 2007ರಲ್ಲಿ ಕೇವಲ ಗಾತ್ರವನ್ನು ಅಳೆದವರು ಈ ಸಲ ಗಾತ್ರದ ಒಳಗನ್ನೂ ಅಳೆದಿದ್ದಾರೆ. ಓಡುವಾಗ ಬೈಕಿನ ಎತ್ತರವನ್ನು ತಗ್ಗಿಸುವ ಸಾಧನಗಳಿಗೂ ನಿಷೇಧವಿದೆ.

ಯಂತ್ರಶಿಲ್ಪಿಗಳು ಇದರೊಳಗೂ ಒಂದು ಸಂದು ಹುಡುಕದೆ ಬಿಡರು. ಅದು ಅವರ ಧರ್ಮ. ಆ ಸಂದು ಎಲ್ಲಿ ತೆರೆಯುತ್ತದೆಂದು ಮುಂಚೆಯೇ ಊಹಿಸಬೇಕಾದುದು ನಿಯಮ ಮಾಡುವವರ ಧರ್ಮ. ಇಬ್ಬರ ನಡುವೆ, ಮೊಣಕಾಲನ್ನು ನೆಲಕ್ಕೆ ಸವರಿಸುತ್ತ ತಿರುವು ದಾಟುವ ಸವಾರನ ಜೀವವಿದೆ ಎಂಬುದನ್ನು ಇಬ್ಬರೂ ಮರೆಯಬಾರದು.