ನಿಲ್ಲಲೊಲ್ಲದ ಎಂಜಿನು: ಟರ್ಬೊ ಡೀಸೆಲ್ ಕಾರಿನ ನಿರ್ವಾತ ಕೊಳವೆಗಳು

ಬೀಗದ ಕೈಯನ್ನು ತಿರುಗಿಸಿ ಹೊರಕ್ಕೆ ತೆಗೆದ ಮೇಲೂ ಕಾರಿನ ಎಂಜಿನು ಓಡುತ್ತಲೇ ಇದ್ದರೆ ನೋಡುವವರಿಗೆ ಅದೊಂದು ಇಂದ್ರಜಾಲದಂತೆ ತೋರೀತು. ಹಳೆಯ ಮರ್ಸಿಡಿಸ್-ಬೆಂಜ್ ಡೀಸೆಲ್ ಕಾರುಗಳನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಅವರು ಮುಂದಿನ ಮುಚ್ಚಳವನ್ನೆತ್ತಿ, ಎಂಜಿನಿನ ಮೇಲಿರುವ 'ಸ್ಟಾಪ್' ಎಂಬ ಸನ್ನೆಯನ್ನು ಕೈಯಿಂದ ಒತ್ತಿ ಹಿಡಿದು ಅದನ್ನು ನಿಲ್ಲಿಸುತ್ತಾರೆ. ದೋಷವು ಬೀಗದಲ್ಲಿಯೂ ಅಲ್ಲ, ವಿದ್ಯುತ್ತಿನ ತಂತಿಗಳಲ್ಲಿಯೂ ಅಲ್ಲ. ಎಲ್ಲಿಯೋ ಒಂದೆಡೆ, ಪೆನ್ಸಿಲಿಗಿಂತ ತೆಳುವಾದ ರಬ್ಬರಿನ ತುಂಡೊಂದು ಬಿರುಕು ಬಿಟ್ಟಿರುತ್ತದೆ.

ಇದು ಹೇಗೆಂಬುದನ್ನು ತಿಳಿಯಲು ಪೆಟ್ರೋಲ್ ಎಂಜಿನಿಗೂ ಡೀಸೆಲ್ ಎಂಜಿನಿಗೂ ಇರುವ ಒಂದು ಭೇದವನ್ನು ನೆನೆಯಬೇಕು. ಪೆಟ್ರೋಲ್ ಎಂಜಿನಿನಲ್ಲಿ ಗಾಳಿಯು ಒಳಹೋಗುವ ದಾರಿಗೆ ಅಡ್ಡಲಾಗಿ, ಕೆರೆಯ ತೂಬಿನಂತೆ, ಥ್ರಾಟಲ್ ಎಂಬ ತಟ್ಟೆಯಿರುತ್ತದೆ. ಅದು ಬಹುಮಟ್ಟಿಗೆ ಮುಚ್ಚಿರುವಾಗಲೂ ಪಿಸ್ಟನ್ನುಗಳು ಗಾಳಿಯನ್ನು ಎಳೆಯುತ್ತಲೇ ಇರುವುದರಿಂದ ಒಳಗಿನ ನಳಿಗೆಯಲ್ಲಿ ಗಾಳಿ ವಿರಳವಾಗುತ್ತದೆ. ಈ ಭಾಗಶಃ ನಿರ್ವಾತವನ್ನು ಬಿಟ್ಟಿಯಾಗಿ ಪಡೆದು ಬ್ರೇಕಿನ ನೆರವಿಗೆ ಬಳಸಿಕೊಳ್ಳಬಹುದು. ಡೀಸೆಲ್ ಎಂಜಿನಿನಲ್ಲಾದರೋ ವೇಗವನ್ನು ಹತೋಟಿಯಲ್ಲಿಡುವುದು ಗಾಳಿಯ ಪ್ರಮಾಣವಲ್ಲ, ಎಣ್ಣೆಯ ಪ್ರಮಾಣ. ಗಾಳಿಯ ದಾರಿ ಸದಾ ತೆರೆದಿರುತ್ತದೆ. ಟರ್ಬೊ ಯಂತ್ರವನ್ನು ಜೋಡಿಸಿದರಂತೂ ಆ ನಳಿಗೆಯ ಒತ್ತಡವು ಹೊರಗಿನ ವಾಯುಭಾರವನ್ನೇ ಮೀರುತ್ತದೆ. ಆದುದರಿಂದ ನಿರ್ವಾತವನ್ನುಂಟುಮಾಡಲು ಪ್ರತ್ಯೇಕವಾದೊಂದು ಪಂಪು ಅನಿವಾರ್ಯ. ಅಷ್ಟೇ ಅಲ್ಲ, ಡೀಸೆಲ್ ಎಂಜಿನಿಗೆ ಕಿಡಿಯೂ ಬೇಡ. ಅದುಮಿದ ಗಾಳಿಯ ಕಾವಿನಿಂದಲೇ ಎಣ್ಣೆ ಹೊತ್ತಿಕೊಳ್ಳುತ್ತದೆ. ವಿದ್ಯುತ್ತನ್ನು ಕಡಿದ ಮಾತ್ರಕ್ಕೆ ಅದು ನಿಲ್ಲದು, ಎಣ್ಣೆಯನ್ನೇ ತಡೆಯಬೇಕು.

೧೯೭೮ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಮರ್ಸಿಡಿಸ್-ಬೆಂಜ್ ೩೦೦ ಎಸ್.ಡಿ. ಎಂಬ ಕಾರು, ಟರ್ಬೊ ಡೀಸೆಲ್ ಎಂಜಿನನ್ನು ಹೊತ್ತು ಕಾರ್ಖಾನೆಯಿಂದ ಸಾಲಾಗಿ ಹೊರಬಂದ ಪ್ರಯಾಣಿಕರ ಕಾರುಗಳಲ್ಲಿ ಮೊದಲನೆಯದು. ಐದು ಸಿಲಿಂಡರುಗಳ, ಮೂರು ಲೀಟರ್ ಗಾತ್ರದ ಆ ಎಂಜಿನಿನ ಮುಂಭಾಗದಲ್ಲಿ ನಿರ್ವಾತದ ಪಂಪು ಕುಳಿತಿದೆ. ಅದರಿಂದ ಹೊರಟ ದಪ್ಪ ಕೊಳವೆ ಬ್ರೇಕಿನ ಸಹಾಯಕ ಡಬ್ಬಿಗೆ ಹೋಗುತ್ತದೆ. ಆ ಹೆದ್ದಾರಿಯಿಂದ ಕವಲೊಡೆದ ಸಣ್ಣ ಕೊಳವೆಗಳು ಬಾಗಿಲುಗಳ ಬೀಗಗಳಿಗೆ, ಗೇರ್ ಪೆಟ್ಟಿಗೆಗೆ ಮತ್ತು ಬೀಗದ ಕೈ ತಿರುಗುವ ಸ್ವಿಚ್ಚಿಗೆ ಹೋಗುತ್ತವೆ. ಕೈಯನ್ನು ತಿರುಗಿಸಿದಾಗ ಆ ಸ್ವಿಚ್ಚು ನಿರ್ವಾತವನ್ನು ಎಣ್ಣೆಯ ಪಂಪಿನ ಹಿಂಬದಿಯ ಪುಟ್ಟ ಪೊರೆಯೊಂದಕ್ಕೆ ಹಾಯಿಸುತ್ತದೆ, ಪೊರೆ ಸರಿದು ಎಣ್ಣೆಯನ್ನು ತಡೆಯುತ್ತದೆ, ಎಂಜಿನು ನಿಲ್ಲುತ್ತದೆ. ಜರ್ಮನ್ ಎಂಜಿನಿಯರರ ಈ ಏರ್ಪಾಡು ಚತುರವಾದುದೇ ಸರಿ. ಆದರೆ ಬಾಗಿಲಿನ ಬೀಗದ ಸೋರಿಕೆಗೂ ಎಂಜಿನು ನಿಲ್ಲದಿರುವುದಕ್ಕೂ ನಂಟು ಕಲ್ಪಿಸಿದ ಜಾಣ್ಮೆಯನ್ನು ಎಲ್ಲರೂ ಮೆಚ್ಚುವುದು ಕಷ್ಟ!

ನಿರ್ವಾತವು ತಾನಾಗಿ ಯಾವುದನ್ನೂ ಎಳೆಯುವುದಿಲ್ಲ, ತಳ್ಳುವುದು ಹೊರಗಿನ ವಾಯುಮಂಡಲ, ಎಂಬುದನ್ನು ಇಲ್ಲಿ ಮರೆಯಬಾರದು. ಮಾಗ್ಡೆಬರ್ಗ್ ನಗರದ ಆಟೋ ಫಾನ್ ಗೆರಿಕ್ ೧೭ನೆಯ ಶತಮಾನದಲ್ಲಿ ಎರಡು ಲೋಹದ ಅರೆಗೋಳಗಳನ್ನು ಜೋಡಿಸಿ, ಒಳಗಿನ ಗಾಳಿಯನ್ನು ತೆಗೆದು, ಎರಡು ಕಡೆಯಿಂದಲೂ ಕುದುರೆಗಳಿಂದ ಎಳೆಯಿಸಿ ತೋರಿಸಿದ್ದು ಇದನ್ನೇ. ಬ್ರೇಕಿನ ಡಬ್ಬಿಯೂ ಅದೇ ತತ್ತ್ವದ ದಾಸ. ಅದರೊಳಗಿನ ಪೊರೆಯ ವ್ಯಾಸ ೨೦ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ವಿಸ್ತಾರ ಸುಮಾರು ೩೧೪ ಚದರ ಸೆಂಟಿಮೀಟರ್. ಎರಡು ಬದಿಗಳ ಒತ್ತಡದ ಅಂತರ ಚದರ ಸೆಂಟಿಮೀಟರಿಗೆ ೦.೮ ಕಿಲೋಗ್ರಾಮಿನಷ್ಟಿದ್ದರೆ, ಪೊರೆಯ ಮೇಲೆ ಸುಮಾರು ೨೫೦ ಕಿಲೋಗ್ರಾಂ ಭಾರ ಬಿದ್ದಂತಾಯಿತು. ಚಾಲಕನ ಪಾದಕ್ಕೆ ದೊರೆಯುವ ನೆರವು ಇದು. ದಪ್ಪ ಕೊಳವೆ ಸೀಳಿದರೆ ಈ ನೆರವು ಇಲ್ಲವಾಗುತ್ತದೆ. ಬ್ರೇಕು ಪೂರ್ತಿಯಾಗಿ ಕೈಬಿಡುವುದಿಲ್ಲವಾದರೂ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ; ಇಳಿಜಾರಿನಲ್ಲಿ ಗಾಬರಿಗೊಂಡ ಚಾಲಕನಿಗೆ ಬೇಕಾದಷ್ಟು ಬಲವಾಗಿ ಒತ್ತಲು ಹೊಳೆಯದೆ ಹೋಗಬಹುದು. ಬೀಗ ಕೆಟ್ಟರೆ ಬರಿಯ ಕಿರಿಕಿರಿ. ಇದು ಪ್ರಾಣದ ಮಾತು. ಆದುದರಿಂದ ಪರೀಕ್ಷೆಯನ್ನು ಇಲ್ಲಿಂದಲೇ ತೊಡಗುವುದು ಲೇಸು.

ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಎಂಜಿನು ನಿಂತಿರುವಾಗ ಪೆಡಲನ್ನು ಐದಾರು ಬಾರಿ ಒತ್ತಿ ಉಳಿದ ನಿರ್ವಾತವನ್ನು ಮುಗಿಸಬೇಕು. ಬಳಿಕ ಪಾದವನ್ನು ಒತ್ತಿಟ್ಟುಕೊಂಡೇ ಎಂಜಿನನ್ನು ಚಾಲೂ ಮಾಡಿದರೆ, ಪೆಡಲು ತುಸು ಕೆಳಕ್ಕೆ ಕುಸಿಯಬೇಕು. ಕುಸಿಯದಿದ್ದರೆ ನಿರ್ವಾತ ಡಬ್ಬಿಯನ್ನು ತಲಪುತ್ತಿಲ್ಲವೆಂದೋ ಡಬ್ಬಿಯೇ ಕೆಟ್ಟಿದೆಯೆಂದೋ ತಿಳಿಯಬೇಕು, ಕಾರನ್ನು ರಸ್ತೆಗಿಳಿಸಕೂಡದು.

ಉಳಿದ ಕವಲುಗಳಿಗೆ ಮಾಪಕ ಸಹಿತವಾದ ಕೈಪಂಪೊಂದು ಸಾಕು. ಒಂದು ಕವಲನ್ನು ಬಿಚ್ಚಿ ಅದಕ್ಕೆ ಪಂಪನ್ನು ಸಿಕ್ಕಿಸಿ ನಿರ್ವಾತ ಕೊಟ್ಟು ಮುಳ್ಳನ್ನು ನೋಡಬೇಕು. ಮುಳ್ಳು ನಿಂತಲ್ಲೇ ನಿಂತರೆ ಆ ಕವಲು ನಿರ್ದೋಷಿ. ಇಳಿಯುತ್ತ ಬಂದರೆ ಅದನ್ನೇ ಇನ್ನೆರಡು ಭಾಗ ಮಾಡಿ ಮತ್ತೆ ನೋಡಬೇಕು. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಕಳ್ಳನು ಬೇಗನೆ ಸಿಕ್ಕಿಬೀಳುತ್ತಾನೆ. ಪೆಟ್ರೋಲ್ ಕಾರುಗಳಲ್ಲಿ ಕೆಲವು ಮೆಕ್ಯಾನಿಕ್ಕರು ಕೊಳವೆಗಳ ಮೇಲೆ ಉರಿಯುವ ದ್ರವವನ್ನು ಸಿಂಪಡಿಸಿ, ಎಂಜಿನಿನ ಸದ್ದು ಬದಲಾಯಿತೇ ಎಂದು ಆಲಿಸುವುದುಂಟು. ಡೀಸೆಲ್ ಕಾರಿನಲ್ಲಿ ಇದು ನಿಷ್ಪ್ರಯೋಜಕ, ಏಕೆಂದರೆ ಈ ಕೊಳವೆಗಳು ಎಂಜಿನಿನ ಗಾಳಿಯ ದಾರಿಗೆ ಸೇರಿದವಲ್ಲ. ಅಪಾಯಕರವೂ ಹೌದು, ಆ ಆವಿ ಗಾಳಿಯ ದಾರಿಯನ್ನು ಹೊಕ್ಕರೆ, ತಡೆಯುವ ತಟ್ಟೆಯಿಲ್ಲದ ಎಂಜಿನು ಅದನ್ನೂ ಉರಿಸಿ ಹತೋಟಿ ಮೀರಿ ಓಡೀತು.

ಮಾಪಕವನ್ನು ಓದುವಾಗ ಊರಿನ ಎತ್ತರವನ್ನೂ ಗಮನಿಸಬೇಕು. ಮಂಗಳೂರಿನ ಕಡಲತಡಿಯಲ್ಲಿ ವಾಯುಭಾರ ಸುಮಾರು ೭೬೦ ಮಿಲಿಮೀಟರ್ ಪಾದರಸ. ೯೦೦ ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು ೬೮೦ ಮಾತ್ರ. ಮಂಗಳೂರಿನಲ್ಲಿ ೬೦೦ ತೋರಿಸುವ ಒಳ್ಳೆಯ ಪಂಪು ಬೆಂಗಳೂರಿನಲ್ಲಿ ೫೪೦ರ ಸುಮಾರಿಗೆ ನಿಂತರೆ ಅದು ಪಂಪಿನ ತಪ್ಪಲ್ಲ.

ಕೆಡುವುದು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ಉದ್ದನೆಯ ಕೊಳವೆಯಲ್ಲ, ಅದರ ತುದಿಗಳನ್ನು ಕೂಡಿಸುವ ರಬ್ಬರಿನ ತುಂಡುಗಳು. ಎಂಜಿನಿನ ಕಾವು, ಎಣ್ಣೆಯ ಆವಿ ಮತ್ತು ವರ್ಷಗಳ ಭಾರಕ್ಕೆ ರಬ್ಬರು ಗಟ್ಟಿಯಾಗಿ, ಬಾಗಿದ ಕಡೆ ಒಡೆಯುತ್ತದೆ. ಬದಲಿಸುವಾಗ ಎಂಜಿನು ಆರಿರಬೇಕು; ಒಂದನ್ನು ಬಿಚ್ಚಿ, ಅದನ್ನು ಜೋಡಿಸಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಬೇಕು. ಎಲ್ಲವನ್ನೂ ಒಮ್ಮೆಗೇ ಕಿತ್ತಿಟ್ಟು, ಯಾವುದು ಎಲ್ಲಿಯದೆಂದು ತಲೆ ಕೆರೆದುಕೊಳ್ಳುವುದರಲ್ಲಿ ಸುಖವಿಲ್ಲ. ಹೊಸ ಕೊಳವೆಯ ಒಳವ್ಯಾಸ ಹಳೆಯದರಷ್ಟೇ ಇರಬೇಕು. ಗೋಡೆ ದಪ್ಪಗಿರಬೇಕು, ಇಲ್ಲವಾದರೆ ಹೊರಗಿನ ಗಾಳಿಯೇ ಅದನ್ನು ಚಪ್ಪಟೆ ಮಾಡಿ ದಾರಿಯನ್ನು ಮುಚ್ಚುತ್ತದೆ. ಸಿಲಿಕೋನ್ ಕೊಳವೆ ಕಾವನ್ನು ಚೆನ್ನಾಗಿ ಸಹಿಸುತ್ತದೆ, ಆದರೆ ಎಣ್ಣೆಯ ಸಹವಾಸ ಅದಕ್ಕೆ ಒಗ್ಗದು. ದಾರಿಯ ನಡುವಿನ ಏಕಮುಖ ಕವಾಟವನ್ನು ತಿರುಗುಮುರುಗಾಗಿ ಜೋಡಿಸಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಈಚಿನ ಟರ್ಬೊ ಡೀಸೆಲ್ ಕಾರುಗಳಲ್ಲಿ, ಫೋಕ್ಸ್‌ವಾಗನ್ ಸಂಸ್ಥೆಯ ಟಿ.ಡಿ.ಐ. ಎಂಜಿನುಗಳಲ್ಲಿ ಅನೇಕವು ಇದಕ್ಕೆ ನಿದರ್ಶನ, ನಿರ್ವಾತಕ್ಕೆ ಇನ್ನೊಂದು ಹೊಣೆ ಬಿದ್ದಿದೆ. ಟರ್ಬೊವಿನೊಳಗಿನ ಚಲಿಸುವ ಎಲೆಗಳನ್ನು ನಿರ್ವಾತವೇ ಸರಿಸುತ್ತದೆ. ನಿಧಾನಗತಿಯಲ್ಲಿ ಅವು ಮುಚ್ಚಿಕೊಂಡು ಹೊಗೆಯ ಓಟವನ್ನು ಚುರುಕುಗೊಳಿಸುತ್ತವೆ. ಕೊಳವೆ ಸೋರಿದರೆ ಎಲೆಗಳು ತೆರೆದೇ ಉಳಿದು ಕಾರು ಏರಿನಲ್ಲಿ ಏದುಸಿರು ಬಿಡುತ್ತದೆ. ಆಗ ಟರ್ಬೊವನ್ನೇ ದೂರಿ, ಅಪಾರ ಹಣ ತೆತ್ತು ಹೊಸದನ್ನು ಹಾಕಿಸಿಕೊಂಡವರೂ ಇದ್ದಾರೆ. ಎಲೆಗಳನ್ನು ಆಡಿಸುವ ಡಬ್ಬಿಗೆ ಕೈಪಂಪನ್ನು ಸಿಕ್ಕಿಸಿ ನಿರ್ವಾತ ಕೊಟ್ಟಾಗ ಅದರ ಸರಳು ನಯವಾಗಿ ಸರಿದು ಅಲ್ಲಿಯೇ ನಿಂತರೆ, ಡಬ್ಬಿಯೂ ಎಲೆಗಳೂ ಆರೋಗ್ಯವಾಗಿವೆಯೆಂದರ್ಥ; ಇನ್ನು ಹುಡುಕಬೇಕಾದುದು ಅದಕ್ಕೆ ನಿರ್ವಾತವನ್ನು ತರುವ ಕೊಳವೆಯನ್ನು ಮತ್ತು ಅದನ್ನು ಹಂಚುವ ವಿದ್ಯುತ್ ಕವಾಟವನ್ನು.